ಮಾತಿಲ್ಲದ ಪುಸ್ತಕವನ್ನು ಆಪಾಗೆ ಕೊಟ್ಟದ್ದು

ಯಾರಿಗಾದರೂ ಪುಸ್ತಕ ಕೊಟ್ಟ ದಿನ ನನಗೆ ಊಟ ಸೇರುವುದಿಲ್ಲ. ಓದಿ ಬೈಯುತ್ತಾರೋ, ಓದದೆಯೇ ಬೈಯುತ್ತಾರೋ, ಮೇಲೆ ಸಾರು ಚೆಲ್ಲಿ ತಂದುಕೊಡುತ್ತಾರೋ, ತಂದುಕೊಡದೇ ಇದ್ದುಬಿಡುತ್ತಾರೋ ಎಂದು ನಾಲ್ಕೂ ದಿಕ್ಕಿನಿಂದ ಚಿಂತೆ. ಆದರೂ ಕೊಡುತ್ತೇನೆ. ಅದರಲ್ಲೂ ನಾನು ಕೊಡುವುದು ಚಿತ್ರಕಥೆಯ ಪುಸ್ತಕ. ಐವತ್ತರ ಹತ್ತಿರ ಬಂದ, ಯಾದಗಿರಿಯ ಒಂದು ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವ ಹೆಂಗಸು ಮಧ್ಯಾಹ್ನ ಬುತ್ತಿ ಬಿಚ್ಚಿ, ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಕಾಮಿಕ್ಸ್ ಹಿಡಿದು ಕೂತರೆ ನೋಡಿದವರಿಗೆ ಏನನ್ನಿಸಬೇಕು? "ಮೇಡಮ್ಮಾರು ಇನ್ನಾ ಎರಡ್ನೇ ಕ್ಲಾಸ ಪಾಸಾಗಿಲ್ಲ" ಎಂದು ಸುರಪುರದಿಂದ ಬರುವ ನನ್ನ ಸಹೋದ್ಯೋಗಿ ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ. ನಾನು ನಗುತ್ತೇನೆ. ಆಮೇಲೆ ಅವನ ಮಾತು ನಿಜವಿರಬಹುದೇ ಎಂದು ಸಂಜೆಯತನಕ ಯೋಚಿಸುತ್ತೇನೆ.

ಆ ಸಹೋದ್ಯೋಗಿಗೂ ಒಮ್ಮೆ ಕೊಟ್ಟಿದ್ದೆ. ಯುದ್ಧಕ್ಕೆ ಸಿಕ್ಕು ಊರು ಬಿಟ್ಟ ಒಂದು ಮನೆಯ ಕಥೆ, ದಪ್ಪ ಪುಸ್ತಕ. ನಾನು ಅದನ್ನು ಓದಲು ಒಂದು ತಿಂಗಳು ತೆಗೆದುಕೊಂಡಿದ್ದೆ. ಅವನು ಮರುದಿನವೇ ಮೇಜಿನ ಮೇಲೆ ತಂದಿಟ್ಟ.

"ಮುಗೀತ್ರಿ."

"ಇಷ್ಟು ಲಗೂನಾ?"

"ಇದರಾಗ ಮಾತ ಬಾಳ ಇಲ್ಲಲ್ರಿ. ಗುಳ್ಳಿಯೊಳಗ ಬರದಿದ್ದಷ್ಟು ಓದಿದೆ. ಚಿತ್ರ ಯಾರ್ ಓದ್ತಾರ್ರಿ, ಅವು ಪುಗಸಟ್ಟೆ ಬಂದಾವ."

ದೇವಾಪುರದಲ್ಲಿ ಮಾಸ್ತರಿಕೆ ಮಾಡುವ ನನ್ನ ಹಳೆಯ ಗೆಳತಿಯ ಕಥೆ ಬೇರೆ. ಅವಳಿಗೆ ಕೊಟ್ಟ ಮೂರು ದಿನಕ್ಕೆ ನನಗೆ ನೆನಪಾಯಿತು, ಆ ಪುಸ್ತಕದಲ್ಲಿ ಒಂದು ಪುಟದ ತುಂಬ ಹೆಂಗಸೊಬ್ಬಳು ಸ್ನಾನ ಮಾಡುತ್ತಾಳೆ. ಗೆಳತಿಯ ಅತ್ತೆ ಕಟ್ಟುನಿಟ್ಟಿನವರು. ಫೋನು ಬಂದಾಗಲೆಲ್ಲ ಅವರದೇ ಇರಬೇಕೆಂದು ಬೆವರುತ್ತಿದ್ದೆ. ಎರಡು ತಿಂಗಳ ಮೇಲೆ ಗೆಳತಿ ಪುಸ್ತಕ ವಾಪಸು ಕೊಟ್ಟಳು. ಆ ಪುಟಕ್ಕೆ ಅಂಟು ಹಚ್ಚಿ ಮುಂದಿನ ಪುಟದೊಂದಿಗೆ ಕೂಡಿಸಿಬಿಟ್ಟಿದ್ದಳು.

ಇಂಥ ಪೆಟ್ಟು ತಿಂದು ತಿಂದು ಒಂದಿಷ್ಟು ಬುದ್ಧಿ ಕಲಿತಿದ್ದೆ. ನಮಗೆ ಬಹಳ ಇಷ್ಟವಾದದ್ದನ್ನು ಮೊದಲು ಕೊಡಬಾರದು. ಅವರಿಗೆ ಇಷ್ಟವಾಗದಿದ್ದರೆ ಸ್ನೇಹಕ್ಕೇ ಕುತ್ತು. ಹೊಸಬರ ಕಣ್ಣು ಸಹಜವಾಗಿ ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ಒಲೆ ಮುಂದಿರುವವರಿಗೆ ಅಡುಗೆಮನೆ ಚೆನ್ನಾಗಿ ಬರೆದ ಪುಸ್ತಕ, ಹೊಲದವರಿಗೆ ದನ ಚೆನ್ನಾಗಿ ಬರೆದ ಪುಸ್ತಕ. ಎಲ್ಲಕ್ಕಿಂತ ಮುಖ್ಯ, ಕೊಡುವ ಮೊದಲು ಕೊನೆಯ ಪುಟದಲ್ಲಿ ಏನಿದೆಯೆಂದು ತಿರುವಿ ನೋಡಿಕೊಳ್ಳಬೇಕು. ಇಷ್ಟೆಲ್ಲ ಗೊತ್ತಿದ್ದೂ ಆಪಾಗೆ ಆ ಪುಸ್ತಕ ಕೊಟ್ಟೆ.

ಶಹಾಪುರದಲ್ಲಿ ನಮ್ಮ ಮನೆಗೂ ಆಪಾ ಮನೆಗೂ ನಡುವೆ ಒಂದೇ ಗೋಡೆ. ಅವರು ನನ್ನನ್ನು ಅಕ್ಕಾರ ಎನ್ನುತ್ತಾರೆ, ನಾನು ಅವರನ್ನು ಆಪಾ ಎನ್ನುತ್ತೇನೆ, ಎರಡೂ ಅಕ್ಕನೇ. ಹೀಗಾಗಿ ನಮ್ಮಿಬ್ಬರಲ್ಲಿ ದೊಡ್ಡವರು ಯಾರೆಂಬುದು ಇಪ್ಪತ್ತು ವರ್ಷದಿಂದ ತೀರ್ಮಾನವಾಗಿಲ್ಲ, ಇಬ್ಬರಿಗೂ ಅದೇ ಅನುಕೂಲ. ಆಪಾ ಮನೆಯಲ್ಲೇ ಜಂಪರು, ರವಿಕೆ ಹೊಲಿಯುತ್ತಾರೆ. ಏಳನೆಯ ತರಗತಿಯವರೆಗೆ ಉರ್ದು ಶಾಲೆಗೆ ಹೋದವರು. ಕನ್ನಡವನ್ನು ನನ್ನಷ್ಟೇ ಚೆನ್ನಾಗಿ ಆಡುತ್ತಾರೆ, ಜಗಳದಲ್ಲಿ ನನಗಿಂತ ಚೆನ್ನಾಗಿ. ಅಕ್ಷರ ಮಾತ್ರ ಬಾರದು. ಬಸ್ಸಿನ ಬೋರ್ಡನ್ನು ಆಕಾರದ ಮೇಲೆ ಗುರುತು ಹಿಡಿಯುತ್ತಾರೆ. ಒಮ್ಮೆ ಯಾದಗಿರಿಯದೆಂದು ವಡಗೇರಾ ಬಸ್ಸು ಹತ್ತಿ, ಅಲ್ಲಿಂದ ಬೈದುಕೊಳ್ಳುತ್ತ ಬಂದಿದ್ದರು. ಬೈದದ್ದು ಬಸ್ಸಿಗೆ.

ಅವರ ಯಜಮಾನರು ಬೋರ್ಡು ಬರೆಯುವವರು. ಓಣಿಗೆಲ್ಲ ಅವರು ಭಾಯಿ. ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಅವರ ಕೈಯಲ್ಲಿ ಒಂದೇ ತೂಕದಲ್ಲಿ ಬರುತ್ತಿದ್ದವು. ಶಿರವಾಳದ ದಾರಿ ತೋರಿಸುವ ಒಂದು ಹಳೆಯ ಬೋರ್ಡು ಇನ್ನೂ ಅವರ ಕೈಯದೇ ಇದೆ. ಅಂಗಡಿಗಳೆಲ್ಲ ಫ್ಲೆಕ್ಸಿಗೆ ತಿರುಗಿದ ಮೇಲೆ ಟ್ರ್ಯಾಕ್ಟರಿನ ಟ್ರೇಲರ್ ಹಿಂದೆ ಹೆಸರು ಬರೆಯುವುದೊಂದು ಉಳಿದಿತ್ತು. ಆಮೇಲೆ ಎರಡೂ ಕಿಡ್ನಿ ಕೈಕೊಟ್ಟವು.

ಡಯಾಲಿಸಿಸ್ಸಿಗೆ ಶಹಾಪುರದಲ್ಲಿ ಅವರಿಗೆ ಪಾಳಿ ಸಿಕ್ಕಿರಲಿಲ್ಲ. ಹೀಗಾಗಿ ಮಂಗಳವಾರ, ಶುಕ್ರವಾರ ಯಾದಗಿರಿಗೆ. ನಾನು ಕಚೇರಿಗೆ ಹೋಗುವ ಬೆಳಗಿನ ಬಸ್ಸಿಗೇ ಅವರೂ ಬರುತ್ತಿದ್ದರು. ಭಾಯಿಯನ್ನು ಕಿಟಕಿ ಪಕ್ಕ ಕೂಡಿಸಿ, ಆಪಾ ಅವರ ಭುಜಕ್ಕೆ ತಮ್ಮ ಭುಜ ಆನಿಸಿ, ಬೀಳದಂತೆ ಗೂಟ ಕೊಟ್ಟ ಹಾಗೆ ಕೂರುತ್ತಿದ್ದರು. ಭೀಮಾ ಸೇತುವೆ ಬರುವಷ್ಟರಲ್ಲಿ ಭಾಯಿಗೆ ನಿದ್ದೆ ಹತ್ತುತ್ತಿತ್ತು. ಅಂಥ ಒಂದು ಬೆಳಿಗ್ಗೆ ಆಪಾ ನನ್ನ ಕಡೆ ಬಾಗಿ ಹೇಳಿದರು.

"ಇವರು ಒಲ್ಲೆ ಅನ್ನಾಕತ್ಯಾರ್ರಿ ಅಕ್ಕಾರ."

"ಏನು ಒಲ್ಲೆ ಅಂತಾರ?"

"ಇದ. ದವಾಖಾನಿ. ಸಾಕು ಮಾಡಮು, ಮನ್ಯಾಗ ಸುಮ್ಮ ಮಲಗ್ತೀನಿ ಅಂತಾರ. ಸಾಕು ಮಾಡಿದ್ರ ಎಂಟು ದಿನ, ಬಾಳಂದ್ರ ಹದಿನೈದು ಅಂತ ಡಾಕ್ಟರ್ ಮಾರಿ ಮ್ಯಾಲೆ ಹೇಳ್ಯಾರ. ಹಂಗಂದ್ರೂ ಕೇಳವಲ್ರು. ವಾರಕ್ಕ ಎರಡು ಸಲ ಇವರನ್ನ ಬಸ್ಸಿಗಿ ಹತ್ತಸೂದ್ರಾಗ ನನ್ನ ಜೀವ ಹೋಗಾಕತ್ಯಾದ."

ಏನು ಹೇಳಬೇಕೋ ತಿಳಿಯದೆ, ಒಳಗೆ ನಾಲ್ಕು ತಾಸು ನೀವೇನು ಮಾಡುತ್ತೀರಿ ಎಂದು ಕೇಳಿದೆ. ದುಃಖದವರ ಎದುರು ನನ್ನ ಬಾಯಿಂದ ಬರುವುದು ಇಂಥ ಪ್ರಶ್ನೆಯೇ.

"ಬಾಕಿನ ಮ್ಯಾಲೆ ಕುಂತು ಗ್ವಾಡಿ ನೋಡ್ತೀನಿ. ಗ್ವಾಡಿಗಿ ಎಷ್ಟು ಬಿರುಕು ಬಿದ್ದಾವ ಕೇಳ್ರಿ, ಹೇಳ್ತೀನಿ." ಸ್ವಲ್ಪ ತಡೆದು ಅವರೇ ಕೇಳಿದರು. "ನೀವು ಬುತ್ತಿ ಉಣ್ಣುವಾಗ ಚಿತ್ರದ ಪುಸ್ತಕ ಓದ್ತೀರಂತಲ್ರಿ, ಅಂಥದೊಂದು ಇದ್ರ ಕೊಡ್ರಿ. ಅಕ್ಷರ ಇರಬಾರದು ನೋಡ್ರಿ ಮತ್ತ."

ನನ್ನ ಖ್ಯಾತಿ ಶಹಾಪುರದವರೆಗೂ ಬಂದಿದೆಯೆಂದು ಒಂದು ಗಳಿಗೆ ನಾಚಿಕೆಯಾಯಿತು. ಮರುಗಳಿಗೆ ಹಿಗ್ಗಿದೆ. ಯಾರೋ ಒಬ್ಬರು ತಾವಾಗಿ ಕೇಳಿದ್ದು ಅದೇ ಮೊದಲು. ಮುಂದಿನ ಶುಕ್ರವಾರ ಬೆಳಿಗ್ಗೆ ಬಟ್ಟೆಯ ತಿಜೋರಿಯ ಕೆಳಗಿನ ಖಾನೆಯಲ್ಲಿ ಕೈಯಾಡಿಸಿದೆ. ಬಸ್ಸಿಗೆ ತಡವಾಗುತ್ತಿತ್ತು. ಮಾತೇ ಇಲ್ಲದ ಪುಸ್ತಕ ನನ್ನ ಹತ್ತಿರ ಒಂದೇ ಇತ್ತು. ಹೈದರಾಬಾದಿನಲ್ಲಿ ಭಾನುವಾರದ ಫುಟ್‌ಪಾತ್ ಮೇಲೆ ಕೊಂಡದ್ದು, ಹರಿದ ರಟ್ಟನ್ನು ಕಿತ್ತು ಹಾಕಿ, ಶಾಲೆಯ ಪುಸ್ತಕಕ್ಕೆ ಹಾಕುವ ಖಾಕಿ ಹಾಳೆಯನ್ನೇ ಎರಡೂ ಕಡೆಗೆ ಹಾಕಿಟ್ಟಿದ್ದೆ. ಅದರಲ್ಲಿ ಒಂದು ಮರವನ್ನು ಬಹಳ ಚೆನ್ನಾಗಿ ಬರೆದಿದ್ದರು ಎಂಬುದಷ್ಟೇ ನೆನಪಿತ್ತು. ಮಾತಿಲ್ಲ ಅಂದ ಮೇಲೆ ಭಾಷೆಯ ತೊಂದರೆಯೂ ಇಲ್ಲ, ನನ್ನಷ್ಟು ಜಾಣೆ ಯಾರಿಲ್ಲ ಎಂದುಕೊಂಡು ಬಸ್ಸಿನಲ್ಲಿ ಆಪಾ ಕೈಗೆ ಕೊಟ್ಟೆ.

ಹನ್ನೊಂದರ ಸುಮಾರಿಗೆ ಲಕೋಟೆಯೊಂದಕ್ಕೆ ಸೀಲು ಒತ್ತುತ್ತಿದ್ದಾಗ ಉಳಿದ ಪುಟಗಳು ನೆನಪಿಗೆ ಬಂದವು. ಕೈ ಅಲ್ಲೇ ನಿಂತಿತು.

ಆ ಪುಸ್ತಕದಲ್ಲಿ ಒಂದು ಸಣ್ಣ ಮನೆ. ಒಂದು ಮದುವೆ. ಗಂಡ ಹೆಂಡತಿ ಅಂಗಳದಲ್ಲಿ ಸಸಿ ನೆಡುತ್ತಾರೆ. ಮಕ್ಕಳಾಗುತ್ತವೆ, ಸಸಿ ಮರವಾಗುತ್ತದೆ, ಮಕ್ಕಳು ದೊಡ್ಡವರಾಗಿ ಬಾಗಿಲು ದಾಟುತ್ತಾರೆ. ಗಂಡನಿಗೆ ಕೂದಲು ಬೆಳ್ಳಗಾಗುತ್ತದೆ, ಕೋಲು ಬರುತ್ತದೆ, ಮಂಚ ಬರುತ್ತದೆ, ವೈದ್ಯರು ಬರುತ್ತಾರೆ. ಆರು ಜನ ಒಂದು ಪೆಟ್ಟಿಗೆಯನ್ನು ಹೊತ್ತು ದಾರಿ ಹಿಡಿಯುತ್ತಾರೆ. ಕೊನೆಯ ಪುಟದಲ್ಲಿ ಖಾಲಿ ಮಂಚ, ಬಾಗಿಲಲ್ಲಿ ಮುದುಕಿಯೊಬ್ಬಳು. ಅಷ್ಟೇ.

ಅದನ್ನು ನಾನು ಡಯಾಲಿಸಿಸ್ ಕೋಣೆಯ ಹೊರಗೆ ಕೂತ ಹೆಂಗಸಿಗೆ ಕೊಟ್ಟಿದ್ದೆ.

ಒಂದು ಗಂಟೆಗೆ ಬುತ್ತಿ ಮುಟ್ಟದೆ ಆಟೋ ಹತ್ತಿದೆ. ಏನಾದರೂ ನೆಪ ಹೇಳಿ ಪುಸ್ತಕ ಕಸಿದುಕೊಳ್ಳುವುದೆಂದು ದಾರಿಯಲ್ಲಿ ಮೂರು ಸುಳ್ಳು ಕಟ್ಟಿದೆ. ಆಪಾ ಬಾಕಿನ ಮೇಲೆ ಇದ್ದರು. ಮಡಿಲಲ್ಲಿ ಪುಸ್ತಕ. ಮುಖ ನೋಡಿದರೆ ಅತ್ತಂತಿತ್ತು. ನನ್ನ ಮೂರೂ ಸುಳ್ಳು ಮರೆತುಹೋದವು.

"ಆಪಾ, ಅದು… ಪುಸ್ತಕ ತಪ್ಪಿ ಕೊಟ್ಟೀನ್ರಿ."

"ತಪ್ಪಿ ಯಾಕ್ರಿ? ಬಾಳ ಚಲೋ ಅದ. ಎರಡು ಸಲ ನೋಡಿದೆ. ಕಣ್ಣಾಗ ನೀರ ಬಂದ್ವು."

"ಅದಕ್ಕ ಅಂತೀನಿ, ಕೊಡ್ರಿ, ಬ್ಯಾರೆ ತರ್ತೀನಿ."

"ಅಯ್ಯ ಬಿಡ್ರಿ. ಇರ್ಲಿ ಇನ್ನೊಂದು ನಾಕು ದಿನ." ಪುಸ್ತಕವನ್ನು ಬುರ್ಖಾದ ಒಳಗೆ ಇಟ್ಟುಕೊಂಡರು.

ಗಟ್ಟಿ ಹೆಂಗಸು ಎಂದುಕೊಂಡೆ. ಸಾವನ್ನು ಎದುರಿಗೇ ನೋಡಿ ಒಪ್ಪಿಕೊಂಡಿದ್ದಾರೆ, ನಾನೇ ಪುಕ್ಕಲಿ ಎಂದುಕೊಂಡೆ. ನಿಜ ಏನೆಂದು ತಿಳಿದದ್ದು ಮುಂದಿನ ವಾರ. ಅರ್ಧ ದಿನ ರಜೆ ಹಾಕಿ ಅವರ ಜೊತೆ ಕೂರಲು ಹೋಗಿದ್ದೆ. ಚಿಂತೆ ಮಾಡುವುದನ್ನು ಕಚೇರಿಯಲ್ಲೇ ಮಾಡಬಹುದಿತ್ತು, ಆದರೆ ಹತ್ತಿರದಿಂದ ಮಾಡಿದರೆ ಸಮಾಧಾನ. ಬಾಕಿನ ಮೇಲೆ ವಡಗೇರಾ ಕಡೆಯ ಒಬ್ಬ ಮುದುಕಿಗೆ ಆಪಾ ಪುಸ್ತಕ ತೋರಿಸುತ್ತ ಕಥೆ ಹೇಳುತ್ತಿದ್ದರು. ಮುದುಕಿಯ ಮಗ ಒಳಗೆ ಇದ್ದ.

"ಇಕಿ ನೋಡ್ರಿ ಯಮ್ಮ, ಒಬ್ಬಾಕಿನ ಬಾಗಲಾಗ ನಿಂತಾಳ. ಮಂಚ ಖಾಲಿ ಅದ. ಯಾರದೋ ಹಾದಿ ನೋಡಾಕತ್ಯಾಳ. ಇಲ್ಲಿ ನೋಡ್ರಿ, ಆರು ಮಂದಿ ಹೊತ್ಕೊಂಡು ಬರಾಕತ್ಯಾರ."

"ಪೆಟಗಿ ಅಲ್ಲೇನ ಅದು?"

"ಪೆಟಗೀನ. ಅವರ ಊರಾಗ ಆಂಬುಲೆನ್ಸ್ ಇದ್ದಂಗಿಲ್ಲ. ಮಳಿ ಬಿಸಲು ಹತ್ತಬಾರದಂತ ಪೆಟಗ್ಯಾಗ ಇಟ್ಟು ತಂದಾರ ಪೇಶೆಂಟನ್ನ. ಮನಿಗಿ ತಂದು ಮಂಚದ ಮ್ಯಾಲೆ ಹಾಕಿದ್ರು. ಆಸೆ ಇರಲಿಲ್ಲ ಬಿಡ್ರಿ, ಮಾರಿ ನೋಡ್ರಿ ಹೆಂಗಾಗ್ಯಾದ. ಡಾಕ್ಟರ್ ಬಂದ. ಒಂದೊಂದ ಒಂದೊಂದ ದಿನ ಕಳದಂಗ ಎದ್ದು ಕುಂತ. ಕೋಲು ಹಿಡದ. ಆಮ್ಯಾಲ ಕೋಲನೂ ಬಿಟ್ಟ. ಹೊರಗ ಹೋದ ಮಕ್ಕಳು ಹೊಳ್ಳಿ ಬಂದ್ರು. ಇಲ್ಲಿ ನೋಡ್ರಿ, ಕೂದಲ ಸೈತ ಕರ್ರಗ ಆಗ್ಯಾವ."

"ಮರ ಸಣ್ಣದಾಗ್ಯಾದಲ್ಲವ್ವ?"

"ಕಡದಿರಬೇಕು," ಎಂದರು ಆಪಾ. "ಅದನ್ನ ಬಿಡ್ರಿ. ಕಡೀಕ ನೋಡ್ರಿ, ಲಗ್ನ!"

ಉರ್ದು ಪುಸ್ತಕ ಬಲಗಡೆಯಿಂದ ತೆರೆಯುತ್ತದೆ. ನಮಗೆ ಹಿಂದಿನ ರಟ್ಟು ಯಾವುದೋ ಅದೇ ಆಪಾಗೆ ಮುಂದಿನದು. ಪುಟದೊಳಗಿನ ಚೌಕಗಳನ್ನೂ ಅವರ ಬೆರಳು ಬಲದಿಂದ ಎಡಕ್ಕೆ ಮುಟ್ಟುತ್ತ ಹೋಗುತ್ತಿತ್ತು. ಓದಿ ಸರಿಪಡಿಸಿಕೊಳ್ಳಲು ಒಂದು ಅಕ್ಷರವೂ ಇರಲಿಲ್ಲ. ಇದ್ದ ಒಂದು ರಟ್ಟನ್ನೂ ನಾನೇ ಕಿತ್ತು ಎರಡೂ ಕಡೆ ಒಂದೇ ಖಾಕಿ ಹಾಕಿದ್ದೆ. ಇಪ್ಪತ್ತು ವರ್ಷ ಉರ್ದು ಓದುವವರ ಗೋಡೆಗೆ ಗೋಡೆ ಹಚ್ಚಿ ಬದುಕಿದವಳಿಗೆ ಅದು ಹೊಳೆಯಲಿಲ್ಲ.

ಆವತ್ತೇ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಮುದುಕಿ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡಳು. ಎದ್ದವನ ಮುಖವನ್ನು ಇನ್ನೊಮ್ಮೆ ತೋರಿಸು ಎಂದಳು. ನಾನು ನೀರು ಕುಡಿದು ಬರುತ್ತೇನೆಂದು ಎದ್ದು ಹೋದೆ.

ಆಮೇಲಿನ ವಾರಗಳಲ್ಲಿ ಆ ಪುಸ್ತಕ ಬಸ್ಸಿನಲ್ಲಿ ನಮ್ಮ ಜೊತೆ ನಾಲ್ಕನೆಯವರಂತೆ ಪ್ರಯಾಣ ಮಾಡಿತು. ಭಾಯಿ ಕಿಟಕಿಗೆ ತಲೆಯಾನಿಸಿ "ಇದ ಕಡೀಕ, ಮುಂದಿನ ವಾರ ನಾ ಬರಂಗಿಲ್ಲ" ಎಂದರೆ, ಆಪಾ ತಟ್ಟನೆ "ಆ ಪುಸ್ತಕದಾಗಿನವ ನಿಮಗಿಂತ ಬಾಳ ಹಣ್ಣಾಗಿದ್ದ. ಪೆಟಗ್ಯಾಗ ಹಾಕ್ಕೊಂಡು ತಂದಿದ್ರು. ಎದ್ದು ಕುಂತಾನೋ ಇಲ್ಲೋ? ನೀವು ನಿಮ್ಮ ಕಾಲ್ಮ್ಯಾಲೆ ಬಸ್ಸು ಹತ್ತೀರಿ" ಎನ್ನುತ್ತಿದ್ದರು. ನನ್ನ ಕಡೆ ತಿರುಗಿ "ಹೌದಲ್ರಿ ಅಕ್ಕಾರ?" ಎಂದು ಸಾಕ್ಷಿ ಕೇಳುತ್ತಿದ್ದರು. ನಾನು "ಹೂಂ" ಎನ್ನುತ್ತಿದ್ದೆ. ಭಾಯಿ ನಕ್ಕು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮುಂದಿನ ಸಲ ಮತ್ತೆ ಬಂದು ಬಸ್ಸು ಹತ್ತುತ್ತಿದ್ದರು.

ಪುಸ್ತಕ ಓದಿ ಮನುಷ್ಯ ಬದುಕುತ್ತಾನೆ ಎಂದು ದೊಡ್ಡವರು ಭಾಷಣದಲ್ಲಿ ಹೇಳುವುದನ್ನು ಕೇಳಿದ್ದೆ. ಕಣ್ಣೆದುರೇ ಅಂಥದ್ದು ನಡೆಯುತ್ತಿತ್ತು. ನಾನು ಮಾತ್ರ ಮುಂದಿನ ಲೆಕ್ಕ ಹಾಕುತ್ತಿದ್ದೆ. ಒಂದು ದಿನ ಭಾಯಿ ಏಳದೇ ಹೋದರೆ ಆಪಾ ಯಾರನ್ನು ಕೇಳಬೇಕು? ಪುಸ್ತಕ ಕೊಟ್ಟವಳನ್ನೇ ಕೇಳುತ್ತಾರೆ. ಹೇಳಿದರೆ ಇವತ್ತೇ ಅವರು ಕುಸಿಯುತ್ತಾರೆ, ಹೇಳದಿದ್ದರೆ ಆವತ್ತು ಕುಸಿಯುತ್ತಾರೆ. ನಾನು ಎಂದಿನಂತೆ ಮುಂದಕ್ಕೆ ಹಾಕಿದೆ. ಚಿಂತೆ ಮಾಡುತ್ತಿದ್ದರೆ ಏನೋ ಕೆಲಸ ಮಾಡುತ್ತಿದ್ದೇನೆ ಎಂಬ ಭ್ರಮೆ ಇರುತ್ತದೆ.

ಒಂದು ಶುಕ್ರವಾರ ಆಪಾ ಔಷಧಿ ತರಲು ಹೊರಗೆ ಹೋಗಬೇಕಾಯಿತು. ಅಷ್ಟೊತ್ತು ಭಾಯಿಯ ಹತ್ತಿರ ಇರಿ ಎಂದು ನನ್ನನ್ನು ಒಳಗೆ ಕಳಿಸಿದರು. ಯಂತ್ರ ಗುಂಯ್‌ಗುಟ್ಟುತ್ತಿತ್ತು. ನಳಿಗೆಯೊಳಗೆ ಅವರ ರಕ್ತ ಹೋಗುತ್ತಿತ್ತು, ಬರುತ್ತಿತ್ತು. ನಾನು ಅದನ್ನು ನೋಡಬಾರದೆಂದು ಗೋಡೆ ನೋಡಿದೆ. ಭಾಯಿ ಕಣ್ಣು ತೆರೆಯದೆಯೇ ಮಾತಾಡಿದರು.

"ಮೇಡಮ್ಮಾರ, ಆ ಪುಸ್ತಕ ಎಡಕ್ಕಿಂದ ನೋಡಿದ್ರ ಅವ ಸಾಯ್ತಾನ. ಅಲ್ರಿ?"

ಅವರು ಕಣ್ಣು ತೆರೆದು ನನ್ನ ಮುಖ ನೋಡಿದರು.

"ಹೌದಂತಾಯ್ತು."

"ನನಗ ನೆನಪಿರಲಿಲ್ರಿ ಭಾಯಿ. ಖುದಾ ಕಸಂ ನೆನಪಿರಲಿಲ್ಲ."

"ನಿಮಗ್ಯಾಕ ಖುದಾ ಕಸಂ? ನಿಮ್ಮ ದೇವ್ರ ಮ್ಯಾಲೆ ಆಣಿ ಮಾಡ್ರಿ." ನಗಲು ಹೋಗಿ ಕೆಮ್ಮಿದರು. "ಮೊದಲನೇ ದಿನ ಆಕಿ ತೋರಿಸಿದಾಗ ಗೊತ್ತಾತ್ರಿ. ಮೂವತ್ತು ವರ್ಷ ಬೋರ್ಡು ಬರದೀನಿ. ಒಂದ ತಗಡಿನ ಮ್ಯಾಲೆ ಕನ್ನಡ ಎಡಕ್ಕಿಂದ ಹಿಡೀಬೇಕು, ಉರ್ದು ಬಲಕ್ಕಿಂದ ಹಿಡೀಬೇಕು. ನಡುವ ಎಲ್ಲಿ ಕೂಡ್ತಾವ ಅಂತ ಮೊದಲ ಸುಣ್ಣದ ದಾರ ಹೊಡದು ಗುರ್ತು ಮಾಡ್ಕೊಬೇಕು. ಇಲ್ಲಂದ್ರ ಮಾಲಕನ ಹೆಸರು ಅರ್ಧಕ್ಕ ನಿಲ್ತದ. ಯಾ ಕಡಿಂದ ಶುರು ಅನ್ನೂದು ನನಗ ಹೇಳಿಕೊಡಬೇಕೇನ್ರಿ?"

"ಮತ್ತ ಆಪಾಗ ಯಾಕ ಹೇಳಲಿಲ್ರಿ?"

"ಆಕಿ ಮಾರಿ ನೋಡೀರೇನು, ಕಥಿ ಹೇಳುವಾಗ?"

ನೋಡಿದ್ದೆ.

"ಅದಕ್ಕ ಬರಾಕತ್ತೀನಿ. ನನಗ ಈ ಸೂಜಿ ಬ್ಯಾಡಾಗ್ಯಾದ. ಮನಿಗಿ ಹೋದ ಮ್ಯಾಲೆ ಒಂದು ದಿನ ಏಳಾಕ ಆಗಂಗಿಲ್ಲ, ಎದ್ದ ಮರದಿನ ಮತ್ತ ಬಸ್ಸು. ಆಕಿ ಸಲುವಾಗಿ ಇನ್ನ ಸ್ವಲ್ಪ ದಿನ ಬರ್ತೀನಿ. ಆದ್ರ ಒಂದಿನ ಒಲ್ಲೆ ಅಂತೀನಿ. ಆವತ್ತು ನೀವು ಆಕಿಗಿ ಪುಸ್ತಕ ಈ ಕಡಿಂದ ತೋರಸ್ರಿ."

"ನಾನಾ?"

"ಮತ್ಯಾರ್ರಿ? ಪುಸ್ತಕ ನಿಮ್ದು. ನನ್ನ ಕೈಲೆ ಆಗಂಗಿಲ್ಲ. ನಾ ಹೇಳಿದ್ರ, ನೀವು ಸಾಯಾಕ ನೆಪ ಹುಡಕ್ತೀರಿ ಅಂತಾಳ."

ಆಗುವುದಿಲ್ಲ ಎನ್ನಬೇಕಿತ್ತು. ಯಂತ್ರಕ್ಕೆ ಕಟ್ಟಿಹಾಕಿದ ಮನುಷ್ಯನಿಗೆ ಆಗುವುದಿಲ್ಲ ಎನ್ನುವುದು ಹೇಗೆ? "ಹೂಂ" ಎಂದೆ. ಆ ಎರಡು ತಿಂಗಳಲ್ಲಿ ನಾನು ಎಲ್ಲರಿಗೂ ಹೂಂ ಎಂದದ್ದೇ ಎಂದದ್ದು.

ಬೇಸಿಗೆ ಏರಿದ ಮೇಲೆ ಭಾಯಿಯ ಕೈಯಲ್ಲಿ ಸೂಜಿ ಹಾಕುವ ನರ ಕೂತುಹೋಯಿತು. ಕುತ್ತಿಗೆಗೆ ನಳಿಗೆ ಹಾಕಿದರು. ಅದಕ್ಕೆ ಕೀವು ಬಂದು ಒಂದು ವಾರ ಜ್ವರ. ಜ್ವರ ಇಳಿದ ಮೇಲಿನ ಶುಕ್ರವಾರ ನಾವಿಬ್ಬರೂ ಕಂಡಕ್ಟರನ ಸಹಾಯದಿಂದ ಅವರನ್ನು ಬಸ್ಸಿನಿಂದ ಇಳಿಸಿದೆವು. ಆಪಾ ಚಪ್ಪಲಿ ಎತ್ತಿಕೊಳ್ಳಲು ಹಿಂದಕ್ಕೆ ಹೋದಾಗ ಭಾಯಿ ನನ್ನ ಕೈ ಹಿಡಿದು, "ಮಂಗಳವಾರ ನಾ ಬರಂಗಿಲ್ರಿ" ಎಂದರು. ಬಸ್ಸಿನಲ್ಲಿ ಹೇಳುತ್ತಿದ್ದ ಹಾಗೆ ಹೇಳಲಿಲ್ಲ. ನನಗೆ ವಹಿಸಿದ ಕೆಲಸ ನೆನಪಿಸುವಂತೆ ಹೇಳಿದರು. ಕಾಯುವವರ ಹಾಗೆ ನನ್ನನ್ನೇ ನೋಡಿದರು.

ಶನಿವಾರ ಹೋಗಬೇಕಿತ್ತು. ಶನಿವಾರ ನಾನು ತಿಜೋರಿ ಜಾಡಿಸಿದೆ, ಹಾಲು ಕುದಿಸಿ ಉಕ್ಕಿಸಿದೆ, ಗೋಡೆಯ ಆಚೆ ಹೊಲಿಗೆ ಯಂತ್ರದ ಸದ್ದು ಕೇಳಿದಾಗಲೆಲ್ಲ ಇನ್ನೂ ಸಮಯವಿದೆ ಎಂದುಕೊಂಡೆ. ಭಾನುವಾರ ಮಧ್ಯಾಹ್ನ, ಇನ್ನು ಹೋಗದಿದ್ದರೆ ನನ್ನ ಮುಖ ನಾನೇ ನೋಡಿಕೊಳ್ಳಲಾರೆ ಎಂದಾಗ, ಹೋದೆ.

ಆಪಾ ಯಂತ್ರದ ಮುಂದೆ ಕೂತಿದ್ದರು. ಒಳಕೋಣೆಯಲ್ಲಿ ಭಾಯಿ ಮಂಚದ ಮೇಲೆ. ಪುಸ್ತಕ ಬಟ್ಟೆಯ ಗಂಟಿನ ಮೇಲೆ ಇತ್ತು. ನಾನು ಅದನ್ನು ತೆಗೆದುಕೊಂಡು ಅವರ ಪಕ್ಕ ನೆಲದ ಮೇಲೆ ಕೂತು, ನಮ್ಮ ಕಡೆಯ ರಟ್ಟನ್ನು ತೆರೆದೆ.

"ಆಪಾ, ಇದು ಈ ಕಡಿಂದ ಶುರು ಆಗ್ತದ್ರಿ."

ಯಂತ್ರ ನಿಂತಿತು. ಅವರು ಮೊದಲು ನನ್ನನ್ನು ನೋಡಿದರು, ಆಮೇಲೆ ಪುಟವನ್ನು. ಪುಟ ತಿರುವುತ್ತ ಹೋದೆ. ಮದುವೆ. ಸಸಿ. ಮಕ್ಕಳು. ಅವರು ಮಧ್ಯದಲ್ಲಿ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ತಾವೇ ತಿರುವತೊಡಗಿದರು. ಕೋಲು ಬಂದಾಗ ಬೆರಳು ನಿಧಾನವಾಯಿತು. ಪೆಟ್ಟಿಗೆಯ ಪುಟದ ಮೇಲೆ ಬಹಳ ಹೊತ್ತು ನಿಂತರು. ಕೊನೆಗೆ ಬಾಗಿಲಲ್ಲಿ ನಿಂತ ಹೆಂಗಸು.

"ಇಕಿ ಹಾದಿ ನೋಡಾಕತ್ತಿಲ್ಲ," ಎಂದರು.

"ಇಲ್ರಿ."

"ಅವರೂ ನೋಡ್ಯಾರೇನು, ಈ ಕಡಿಂದ?"

"ಹೂಂರಿ."

"ಯಾವಾಗ?"

"ಮೊದಲನೇ ದಿನಾನ ಗೊತ್ತಿತ್ತಂತ."

ಅವರ ತುಟಿಗಳು ಅಲುಗಿದವು. ಮಂಗಳವಾರ, ಶುಕ್ರವಾರಗಳನ್ನು ಎಣಿಸುತ್ತಿದ್ದಾರೆಂದು ನನಗೆ ಗೊತ್ತಾಯಿತು.

"ಅಂದ್ರ, ಅಷ್ಟೂ ಸೂಜಿ ನನ್ನ ಸಲುವಾಗಿ ಚುಚ್ಚಿಸ್ಕೊಂಡ್ರು. ಕುತ್ತಿಗಿ ಸೈತ." ಆಮೇಲೆ ನನ್ನ ಕಡೆ ತಿರುಗಿದರು. "ನಿಮಗ ಯಾವಾಗಿಂದ ಗೊತ್ತದ?"

"ಎರಡನೇ ವಾರದಿಂದ."

"ನಾ ಬಸ್ಸಿನ್ಯಾಗ ಹುಚ್ಚಿಯಂಗ ಕಥಿ ಹೇಳೂ ಮುಂದ ನೀವು ಎದುರಿಗಿ ಕುಂತು ಹೂಂ ಹೂಂ ಅಂದ್ರಿ."

"ಹೆದರಿಕಿ ಆಗಿತ್ರಿ ಆಪಾ. ಏನಾಗ್ತದೋ ಅಂತ."

"ಹೆದರೂದು ನಿಮಗ ಕಸುಬಾಗ್ಯಾದ. ಹೆದರಿ ಹೆದರಿ ಮಂದೀನ ಕೊಲ್ತೀರಿ ನೀವು."

ಪುಸ್ತಕ ಮುಚ್ಚಿ ನನ್ನ ಮಡಿಲಿಗೆ ಹಾಕಿದರು.

ಅವರು ಎದ್ದು ಒಳಗೆ ಹೋದರು. ನಾನು ಹೋಗಬೇಕೋ ಇರಬೇಕೋ ತಿಳಿಯದೆ ಹೊಸ್ತಿಲಲ್ಲಿ ನಿಂತೆ. ಆಪಾ ಮಂಚದ ಹತ್ತಿರ ನಿಂತು ತಮ್ಮ ಮನೆಮಾತಿನಲ್ಲಿ, "ಮಂಗಳ್‌ವಾರ್ ನಕ್ಕೋ. ಕಭೀ ನಕ್ಕೋ," ಎಂದರು. ಮಂಗಳವಾರ ಬೇಡ, ಇನ್ನೆಂದೂ ಬೇಡ. ಭಾಯಿಯ ಕಣ್ಣು ಹೊಸ್ತಿಲಿಗೆ ಬಂದು, ನನ್ನನ್ನು ನೋಡಿ, ಮುಚ್ಚಿಕೊಂಡಿತು.

ಕಿಡ್ನಿ ಹೋದವರಿಗೆ ನೀರು ಅಳತೆಯದು. ದಿನಕ್ಕೆ ಎಷ್ಟು ಗುಟುಕೆಂದು ಡಾಕ್ಟರು ಹೇಳಿರುತ್ತಾರೆ, ಅದಕ್ಕಿಂತ ಹೆಚ್ಚಾದರೆ ಉಸಿರು ಕಟ್ಟುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ, ಒಂದು ವರ್ಷ, ಆಪಾ ಸಣ್ಣ ಸ್ಟೀಲಿನ ಲೋಟದಲ್ಲಿ ಗೆರೆ ನೋಡಿ ಅವರಿಗೆ ನೀರು ಕೊಟ್ಟಿದ್ದರು. ಕೊಡದ ನೀರಿಗಾಗಿ ಅವರಿಂದ ಬೈಸಿಕೊಂಡಿದ್ದರು. ಅಳುವುದನ್ನು ಗೋಡೆಯ ಈಚೆಯಿಂದ ಕೇಳಿದ್ದೇನೆ. ಯಾರು ಅಳುತ್ತಿದ್ದರೆಂದು ಹೇಳಲಾರೆ. ಈಗ ಆಪಾ ಮೂಲೆಯ ಮಣ್ಣಿನ ಗಡಿಗೆಯಿಂದ ತಂಬಿಗೆ ತುಂಬ ನೀರು ತುಂಬಿಸಿದರು. ಅವರ ತಲೆಯ ಕೆಳಗೆ ಕೈಕೊಟ್ಟು ಎಬ್ಬಿಸಿದರು.

"ಪೀಯೋ."

ಭಾಯಿ ತಂಬಿಗೆ ನೋಡಿದರು, ಹೆಂಡತಿಯ ಮುಖ ನೋಡಿದರು. "ಪೂರಾ?" ಎಂದರು.

"ಪೂರಾ."

ಅವರು ಎರಡೂ ಕೈಯಲ್ಲಿ ಹಿಡಿದು ಕುಡಿದರು. ಗಂಟಲಿನ ಸದ್ದು ಹೊಸ್ತಿಲವರೆಗೆ ಕೇಳಿಸಿತು. ನೀರು ಗದ್ದದಿಂದ ಎದೆಗೆ ಇಳಿಯಿತು. ಅರ್ಧಕ್ಕೇ ಸಾಕಾಗಿ ತಂಬಿಗೆ ಕೆಳಗಿಳಿಸಿದರು. ವರ್ಷದಿಂದ ಬೇಡಿದ ನೀರು, ಅರ್ಧ ತಂಬಿಗೆಗಿಂತ ಹೆಚ್ಚು ಹೋಗಲಿಲ್ಲ. ಉಳಿದದ್ದನ್ನು ಆಪಾ ನಿಂತುಕೊಂಡೇ ಕುಡಿದರು.

ಭಾಯಿ ಆಮೇಲೆ ಒಂಬತ್ತು ದಿನ ಇದ್ದರು. ಕೊನೆಯ ಮೂರು ದಿನ ಉಸಿರಿನದು ಬಹಳ ಕಷ್ಟವಾಯಿತು. ಗೋಡೆ ತೆಳ್ಳಗಿದೆ, ಎಲ್ಲ ಕೇಳುತ್ತದೆ. ಒಳ್ಳೆಯ ಸಾವು ಎಂದು ಬಂದವರೆಲ್ಲ ಹೇಳಿದರು. ಕೇಳಿದವಳಾಗಿ ನಾನು ಹಾಗೆ ಹೇಳಲಾರೆ.

ಗಂಡ ತೀರಿದ ಮೇಲೆ ಅವರಲ್ಲಿ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊರಗೆ ಬರುವುದಿಲ್ಲ. ನಾನೇ ಭಾನುವಾರಗಳಲ್ಲಿ ಹೋಗುತ್ತಿದ್ದೆ. ಮೊದಲ ಎರಡು ಸಲ ಅವರು ಮಾತಾಡಲಿಲ್ಲ. ಮೂರನೆಯ ಸಲ ಚಹಾ ಕೊಟ್ಟರು. ಆಮೇಲೆ ನಳದ ನೀರು ಬಿಟ್ಟರೋ ಇಲ್ಲವೋ, ದಾರದ ಬಣ್ಣ ಹೋಗುತ್ತದೋ ಇಲ್ಲವೋ ಎಂಬಷ್ಟು ಮಾತು ಶುರುವಾಯಿತು. ಪುಸ್ತಕದ ಸುದ್ದಿ ಇಬ್ಬರೂ ಎತ್ತಲಿಲ್ಲ. ಕೈ ಬೀಸಿಕೊಂಡೇ ಹೋಗುತ್ತಿದ್ದೆ, ಕೈ ಬೀಸಿಕೊಂಡೇ ಬರುತ್ತಿದ್ದೆ.

ಅವಧಿ ಮುಗಿಯುವ ವಾರ ಅವರಾಗಿಯೇ ಕೇಳಿದರು.

"ಆ ಪುಸ್ತಕಾನ ಮತ್ತ ಯಾರಿಗರ ಕೊಟ್ಟೀರೇನು?"

"ಇಲ್ರಿ ಆಪಾ."

"ಕೊಡಬ್ಯಾಡ್ರಿ." ಜಂಪರಿನ ತೋಳು ತಿರುವಿ, ಸೂಜಿಗೆ ದಾರ ಪೋಣಿಸಲು ನೋಡಿದರು. ಎರಡು ಸಲ ತಪ್ಪಿತು. ಸೂಜಿ ನನ್ನ ಕಡೆ ಚಾಚಿದರು. ನಾನು ಪೋಣಿಸಿ ಕೊಟ್ಟೆ. ಅವರು ಹೊಲಿಯತೊಡಗಿದರು. ನಾನು ಇನ್ನಷ್ಟು ಹೊತ್ತು ಅಲ್ಲೇ ಕೂತಿದ್ದೆ.